ಪಾದುಕೆಗೆ ಪೂಜೆ, ಚಪ್ಪಲಿಗೆ ಬೈಗುಳ: ಎರಡೂ ಯಾಕೆ?

ಪ್ರಶ್ನೆ: ನಾವು ಧಾರವಾಡದವರು. ಮಗಳು ಜಪಾನಿನ ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಗೆ ಹೋದಾಗ ಅವರೂ ಬಾಗಿಲಲ್ಲೇ ಚಪ್ಪಲಿ ಬಿಡೋದು ನೋಡಿ ನಮ್ಮವರೇ ಅನ್ನಿಸಿತು. ಆಗಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ಗಾಣಗಾಪುರಕ್ಕೆ ಹೋದರೆ ಪಾದುಕೆಗೆ ಅಡ್ಡಬೀಳುತ್ತೇವೆ. ಅದೇ ಯಾರಿಗಾದರೂ ಚಪ್ಪಲಿ ಹಾರ ಹಾಕಿದರೆ ಊರೇ ಹೊತ್ತಿ ಉರಿಯುತ್ತದೆ. ಎರಡೂ ಕಾಲಿಗೆ ಹಾಕೋ ವಸ್ತುವೇ ಅಲ್ವಾ? ಬೇರೆ ದೇಶಗಳಲ್ಲೂ ಹೀಗೇನಾ? ಇನ್ನೊಂದು ಪ್ರಶ್ನೆ. ಈ ಸಲ ಹೋಗುವಾಗ ಮಗಳ ಮೇಲಧಿಕಾರಿಗೆ ಒಂದು ಜೊತೆ ಅಥಣಿ ಚಪ್ಪಲಿ ಉಡುಗೊರೆ ಕೊಡೋಣ ಅಂತಿದ್ದೇವೆ. ಕೊಡಬಹುದಾ?

ಉತ್ತರ: ಉಡುಗೊರೆ ವಿಷಯ ಕೊನೆಗೆ ಹೇಳ್ತೀನಿ, ಅಲ್ಲಿಯವರೆಗೆ ಅಂಗಡಿಗೆ ಹೋಗಬೇಡಿ.

ನಿಮ್ಮ ಮೊದಲ ಪ್ರಶ್ನೆಗೆ ವಾಟ್ಸಾಪಿನಲ್ಲಿ ಒಂದು ಸಿದ್ಧ ಉತ್ತರ ಓಡಾಡುತ್ತಿರುತ್ತದೆ. ಚಪ್ಪಲಿಯಲ್ಲಿ ಕೊಳೆ ಇರುತ್ತೆ, ರೋಗಾಣು ಇರುತ್ತೆ, ಅದಕ್ಕೇ ಹಿರಿಯರು ಹೊರಗೆ ಬಿಡಿಸಿದರು ಅಂತ. ಸುಳ್ಳೇನಲ್ಲ, ಆದರೆ ಅರ್ಧ ಮಾತು. ಸುಮ್ನೆ ಯೋಚಿಸಿ. ಅಂಗಡಿಯಿಂದ ಈಗಷ್ಟೇ ತಂದ ಹೊಸ ಚಪ್ಪಲಿ, ಡಬ್ಬಿಯಿಂದ ಹೊರಗೇ ತೆಗೆದಿಲ್ಲ, ನೆಲ ಮುಟ್ಟಿಲ್ಲ. ಅದನ್ನು ದೇವರ ಗೂಡಿನಲ್ಲಿ ಇಡ್ತೀರಾ? ಊಟದ ಮೇಜಿನ ಮೇಲೆ? ಇಡೋದಿಲ್ಲ. ಇಂಗ್ಲೆಂಡಿನಲ್ಲೂ ಹೊಸ ಶೂವನ್ನು ಮೇಜಿನ ಮೇಲೆ ಇಟ್ಟರೆ ಅಪಶಕುನ ಅನ್ನುವ ಹಳೆಯ ನಂಬಿಕೆ ಇದೆ. ಕೊಳೆಯಷ್ಟೇ ಕಾರಣವಾಗಿದ್ದರೆ ಹೊಸ ಚಪ್ಪಲಿಗೆ ಈ ಶಿಕ್ಷೆ ಇರುತ್ತಿರಲಿಲ್ಲ.

ನನಗೆ ಕಂಡಿದ್ದು ಇಷ್ಟು. ಪಾದುಕೆ ಪೂಜೆ ಮತ್ತು ಚಪ್ಪಲಿ ಹಾರ, ಎರಡರಲ್ಲೂ ನಡೆಯೋದು ಒಂದೇ ಕೆಲಸ. ಒಬ್ಬರ ಕಾಲಿನ ವಸ್ತು ಇನ್ನೊಬ್ಬರ ತಲೆಯ ಮಟ್ಟಕ್ಕೆ ಏರುತ್ತದೆ. ನಾನಾಗಿ ಬಗ್ಗಿ ನಿಮ್ಮ ಪಾದುಕೆಯನ್ನು ತಲೆಗೆ ಒತ್ತಿಕೊಂಡರೆ ಅದು ಭಕ್ತಿ. ನೀವು ಬಂದು ನನ್ನ ಕೊರಳಿಗೆ ಹಾಕಿದರೆ ಅದು ಅವಮಾನ. ಹಾಗಾಗಿ ಇದು ಮಡಿ ಮೈಲಿಗೆಯ ವಿಷಯ ಎಷ್ಟೋ, ಅದಕ್ಕಿಂತ ಜಾಸ್ತಿ ಯಾರು ಮೇಲೆ, ಯಾರು ಕೆಳಗೆ ಅನ್ನುವ ವಿಷಯ. ಈ ಲೆಕ್ಕ ಇಟ್ಟುಕೊಂಡು ನೋಡಿದರೆ ಬೇರೆ ದೇಶಗಳ ಕಥೆಗಳೂ ಸಲೀಸಾಗಿ ಅರ್ಥವಾಗುತ್ತವೆ.

ಹಳೆಯ ಈಜಿಪ್ಟಿನಿಂದ ಶುರು ಮಾಡೋಣ. ಕೈರೋ ಮ್ಯೂಸಿಯಂನಲ್ಲಿ ನಾರ್ಮರ್ ದೊರೆಯ ಒಂದು ಕಲ್ಲಿನ ಫಲಕ ಇದೆ, ಸುಮಾರು 5,000 ವರ್ಷ ಹಳೆಯದು. ದೊರೆ ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತಿದ್ದಾನೆ. ಮಜಾ ಏನಂದ್ರೆ ದೊರೆಯದು ಬರಿಗಾಲು. ಅವನ ಬೆನ್ನ ಹಿಂದೆ ಒಬ್ಬ ಸೇವಕ ಚಪ್ಪಲಿ ಜೊತೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಚಪ್ಪಲಿ ಹೊರುವುದಕ್ಕೇ ಒಬ್ಬ ಆಳು ಇದ್ದ ಅಂದರೆ ಆ ಚಪ್ಪಲಿಗೆ ಎಷ್ಟು ಬೆಲೆ ಇದ್ದಿರಬೇಕು ನೋಡಿ. ಮುಂದೆ 1922ರಲ್ಲಿ ಟುಟಾಂಕಮನ್ ಗೋರಿ ಸಿಕ್ಕಾಗ ಅದರಲ್ಲಿ ಒಂದು ಜೊತೆ ಮರದ ಪಾದರಕ್ಷೆ ಇತ್ತು. ಕಾಲು ಊರುವ ಜಾಗದಲ್ಲಿ ಕೈಕಟ್ಟಿದ ಶತ್ರುಗಳ ಚಿತ್ರ, ಜೊತೆಗೆ ಬಿಲ್ಲುಗಳು. ದೊರೆ ಹೆಜ್ಜೆ ಇಟ್ಟಾಗಲೆಲ್ಲ ಶತ್ರುಗಳನ್ನು ತುಳಿದಂತೆ. ಇಷ್ಟು ನೇರವಾಗಿ ಹೇಳಿದ ಪಾದರಕ್ಷೆ ಬೇರೆ ಯಾವುದೂ ನನಗೆ ನೆನಪಾಗುತ್ತಿಲ್ಲ.

ಆದರೆ ಈ ಲೆಕ್ಕವನ್ನು ಇವತ್ತಿಗೂ ಜೀವಂತ ಇಟ್ಟುಕೊಂಡವರು ಘಾನಾ ದೇಶದ ಅಸಾಂಟೆ ಜನ. ಕುಮಾಸಿ ಅವರ ರಾಜಧಾನಿ, ಅಸಾಂಟೆಹೆನೆ ಅಂದರೆ ಅವರ ದೊರೆ. ದೊರೆಯ ಬರಿಗಾಲು ನೆಲ ಮುಟ್ಟಬಾರದು. ಮುಟ್ಟಿದರೆ ನಾಡಿಗೆ ಬರ, ಕೇಡು ಬರುತ್ತದೆ ಅಂತ ನಂಬಿಕೆ. ಅದಕ್ಕೇ ದೊರೆ ಹೊರಟರೆ ಚಪ್ಪಲಿ ಹೊರುವವರೂ ಜೊತೆಗೆ ಹೊರಡುತ್ತಾರೆ. ಅವನು ಹಾಕುವ ಚಪ್ಪಲಿಯ ಹೆಸರು ಅಹೆನೆಮಾ. ಅದರ ಅಟ್ಟೆ ಪಾದಕ್ಕಿಂತ ಅಗಲ, ನಡುವೆ ಸಣ್ಣಗೆ ಸೊಂಟದಂತೆ ಒಳಬಾಗಿ ಹಿಂದೆ ಮುಂದೆ ದುಂಡಗೆ ಚಾಚಿಕೊಂಡಿರುತ್ತದೆ. ಮೇಲಿನ ಪಟ್ಟಿಗೆ ಚಿನ್ನದ ಕೆಲಸ, ಒಂದೊಂದು ಆಕಾರದ ಹಿಂದೆ ಒಂದೊಂದು ಗಾದೆ. ಇಂಥ ಚಪ್ಪಲಿ ಹಾಕಿ ಓಡೋಕೆ ಆಗೋದಿಲ್ಲ, ನಿಧಾನವಾಗಿ, ಗಂಭೀರವಾಗಿ ನಡೆಯಲೇಬೇಕು.

ದೊರೆಯ ಎದುರು ಬರುವವರು ಏನು ಮಾಡಬೇಕು? ಭುಜದ ಮೇಲಿನ ಬಟ್ಟೆ ಇಳಿಸಬೇಕು, ಚಪ್ಪಲಿಯಿಂದ ಕಾಲು ಹೊರಗೆ ತೆಗೆಯಬೇಕು. ನಮ್ಮಲ್ಲಿ ಗೌಡರ ಮನೆ ಮುಂದೆ ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಳಿಯುತ್ತಿತ್ತಲ್ಲ, ಥೇಟ್ ಅದೇ. ಇನ್ನು ಯಾವುದೋ ನಾಯಕ ತಪ್ಪು ಮಾಡಿದ, ಅವನನ್ನು ಪಟ್ಟದಿಂದ ಇಳಿಸಬೇಕು ಅಂತಾದರೆ, ಕೂತ ಪೀಠ ಎಳೆಯೋದರ ಜೊತೆಗೆ ಮಾಡುವ ಇನ್ನೊಂದು ಕೆಲಸ ಏನು ಗೊತ್ತಾ? ಅವನ ಕಾಲಿನ ಚಪ್ಪಲಿ ತೆಗೆಸುತ್ತಾರೆ. ಬರಿಗಾಲು ನೆಲ ಮುಟ್ಟಿತು ಅಂದರೆ ಪಟ್ಟ ಹೋಯಿತು.

ಈಗ ನಮ್ಮ ಭರತನನ್ನು ನೆನಪು ಮಾಡಿಕೊಳ್ಳಿ. ಅಣ್ಣ ವಾಪಸ್ ಬರಲ್ಲ ಅಂದಾಗ ಅವನು ಕೇಳಿ ತಂದದ್ದು ಪಾದುಕೆಯನ್ನು. ಕಿರೀಟ ಕೇಳಲಿಲ್ಲ, ಬಿಲ್ಲು ಕೇಳಲಿಲ್ಲ. ನಂದಿಗ್ರಾಮದಲ್ಲಿ ಅದನ್ನು ಸಿಂಹಾಸನದ ಮೇಲಿಟ್ಟು 14 ವರ್ಷ ಅದರ ಹೆಸರಲ್ಲಿ ರಾಜ್ಯ ನೋಡಿಕೊಂಡ. ಅದನ್ನು ನಾವು ಅಣ್ಣನ ಮೇಲಿನ ಭಕ್ತಿ ಅಂತಷ್ಟೇ ಓದ್ತೀವಿ. ಅಸಾಂಟೆ ಹಿರಿಯರಿಗೆ ಈ ಕಥೆ ಹೇಳಿದರೆ ಅವರು ಇದನ್ನು ಆಡಳಿತದ ಮಾತಾಗಿಯೇ ಕೇಳಿಸಿಕೊಳ್ಳುತ್ತಾರೆ ಅಂತ ನನಗೆ ಅನ್ನಿಸುತ್ತೆ. ಚಪ್ಪಲಿ ಎಲ್ಲಿದೆಯೋ ಅಧಿಕಾರ ಅಲ್ಲಿದೆ, ಅದರಲ್ಲಿ ಕೇಳೋದೇನಿದೆ ಅಂದಾರು.

ಗಾಣಗಾಪುರದ್ದೂ ಇದೇ ಜಾಡು. ನರಸಿಂಹ ಸರಸ್ವತಿಗಳು ಊರು ಬಿಟ್ಟು ಹೊರಟಾಗ ತಮ್ಮ ನಿರ್ಗುಣ ಪಾದುಕೆಗಳನ್ನು ಅಲ್ಲೇ ಬಿಟ್ಟು ಹೋದರು ಅಂತ ಭಕ್ತರು ಹೇಳುತ್ತಾರೆ. ಗುರು ಕಣ್ಣಿಗೆ ಕಾಣಲ್ಲ, ಆದರೆ ಇಲ್ಲೇ ಇದ್ದಾರೆ ಅನ್ನೋದಕ್ಕೆ ಪಾದುಕೆಯೇ ಗುರುತು. ಮಠಗಳಲ್ಲಿ ಗುರುಪಾದುಕೆ ಇಡೋದೂ ಹಾಗೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪೂಜೆಗೆ ಕೂರುವ ಪಾದುಕೆ ಹೆಚ್ಚಾಗಿ ಮರದ್ದು, ಇಲ್ಲವೇ ಬೆಳ್ಳಿಯದು, ಕಲ್ಲಿನದು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಿಡಿಯೋಕೆ ಒಂದು ಗೂಟ, ಅಷ್ಟೇ. ಚರ್ಮ ಇಲ್ಲ. ಹಾಗಾದರೆ ಚರ್ಮ ದೇವರಿಗೆ ಆಗೋದೇ ಇಲ್ಲವಾ? ಆಗುತ್ತೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರಿಗೆ ಗೊತ್ತಿರುತ್ತೆ, ಅಲ್ಲಿ ರಂಗನಾಥನಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದರಕ್ಷೆ ಒಪ್ಪಿಸುವ ಪದ್ಧತಿ ಇದೆ. ಒಂದೊಂದೂ ಒಂದು ಅಡಿ ಒಂಬತ್ತು ಇಂಚು ಉದ್ದ. ದೇವರು ಅದನ್ನು ಮೆಟ್ಟಿ ಕಾಡೆಲ್ಲ ತಿರುಗಾಡ್ತಾನೆ, ಅದಕ್ಕೇ ಸವೆಯುತ್ತೆ ಅಂತ ನಂಬಿಕೆ. ಭಕ್ತರು ಆ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಂಡು ಬರುತ್ತಾರೆ. ಕಲಬುರಗಿ ಕಡೆ, ಆಳಂದ ತಾಲ್ಲೂಕಿನ ಗೋಳಾ ಗ್ರಾಮದಲ್ಲಿ ಲಕ್ಕಮ್ಮ ದೇವಿಯ ಗುಡಿ ಇದೆ. ದೀಪಾವಳಿ ಆದ ಮೇಲಿನ ಜಾತ್ರೆಯಲ್ಲಿ ಜನ ಹರಕೆಗೆ ಚಪ್ಪಲಿ ತಂದು ಗುಡಿಯ ಮುಂದೆ ಕಟ್ಟುತ್ತಾರೆ. ದೇವಿ ರಾತ್ರಿ ಅದನ್ನು ಮೆಟ್ಟಿ ಓಡಾಡ್ತಾಳೆ, ಕಾಲುನೋವು ಹೋಗುತ್ತೆ ಅಂತ. ನೀವು ಅವಮಾನ ಅಂತ ಬರೆದ ಚಪ್ಪಲಿ ಹಾರ ಅಲ್ಲಿ ಹರಕೆ!

ಇದನ್ನು ಓದುವಾಗ ನಿಮಗೆ ಜಪಾನಿನ ಒಂದು ಜಾಗ ಹೇಳಲೇಬೇಕು. ಟೋಕಿಯೋದ ಅಸಾಕುಸಾದಲ್ಲಿ ಸೆನ್ಸೋಜಿ ಅಂತ ಬೌದ್ಧ ದೇವಾಲಯ. ಅದರ ಒಳಬಾಗಿಲಿನ ಹಿಂಬದಿಗೆ ಎರಡು ಹುಲ್ಲಿನ ಚಪ್ಪಲಿ ತೂಗು ಹಾಕಿದ್ದಾರೆ, ವರಾಜಿ ಅಂತಾರೆ. ಒಂದೊಂದೂ ನಾಲ್ಕೂವರೆ ಮೀಟರ್ ಎತ್ತರ. ಯಮಗಾಟ ಪ್ರಾಂತ್ಯದ ಮುರಯಾಮ ಊರಿನವರು ಭತ್ತದ ಹುಲ್ಲಿನಲ್ಲಿ ಹೆಣೆದು ಸುಮಾರು ಹತ್ತು ವರ್ಷಕ್ಕೊಮ್ಮೆ ಹೊಸದು ಒಪ್ಪಿಸುತ್ತಾರೆ. ಇಷ್ಟು ದೊಡ್ಡ ಚಪ್ಪಲಿ ಮೆಟ್ಟುವವನು ಈ ಬಾಗಿಲು ಕಾಯ್ತಿದ್ದಾನೆ ಅಂತ ನೋಡಿ ದುಷ್ಟಶಕ್ತಿಗಳು ಓಡಿಹೋಗಲಿ ಅನ್ನೋದು ಉದ್ದೇಶ. ಜನ ಅದನ್ನು ಮುಟ್ಟಿ, ನಡೆಯುವ ಶಕ್ತಿ ಕೊಡು ಅಂತ ಬೇಡಿಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟಕ್ಕೂ ಅಸಾಕುಸಾಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ದೊಡ್ಡ ಕಾಲಿನ ದೇವರು ಇಬ್ಬರಿಗೂ ಹೊಳೆದಿದ್ದಾನೆ. ಮುಂದಿನ ಸಲ ಟೋಕಿಯೋಗೆ ಹೋದರೆ ನೋಡಿ ಬನ್ನಿ.

ಇನ್ನು ಮನೆ ಬಾಗಿಲಿನ ವಿಷಯ. ಜಪಾನಿನದು ನಮ್ಮದರಂತೆ ಕಾಣುತ್ತೆ, ಪೂರ್ತಿ ಒಂದೇ ಅಲ್ಲ. ಮಗಳ ಮನೆಯಲ್ಲಿ ಬಾಗಿಲು ತೆಗೆದ ತಕ್ಷಣ ಒಂದು ಮೆಟ್ಟಿಲು ತಗ್ಗಿನ ಜಾಗ ಇತ್ತಲ್ಲ, ಅದು ಗೆಂಕಾನ್. ಅಲ್ಲಿ ಶೂ ಬಿಚ್ಚಿ, ಕಾಲು ತಗ್ಗಿನ ನೆಲಕ್ಕೆ ತಾಗಿಸದೆ ನೇರ ಮೇಲಿನ ನೆಲಕ್ಕೆ ಇಡಬೇಕು. ಆಮೇಲೆ ಬಗ್ಗಿ ಶೂಗಳ ಮೂತಿಯನ್ನು ಹೊರಗಡೆಗೆ ತಿರುಗಿಸಿ ಜೋಡಿಸಬೇಕು. ಒಳಗೆ ಸ್ಲಿಪ್ಪರ್. ತಾತಾಮಿ ಚಾಪೆಯ ಕೋಣೆ ಬಂದರೆ ಅದನ್ನೂ ಬಿಡಬೇಕು. ಟಾಯ್ಲೆಟ್ಟಿಗೆ ಬೇರೆಯೇ ಸ್ಲಿಪ್ಪರ್ ಇರುತ್ತೆ, ಅದನ್ನು ಹಾಕಿಕೊಂಡೇ ಮರೆತು ಹೊರಗೆ ಬಂದರೆ ಮನೆಯವರು ಬಾಯಿಬಿಟ್ಟು ಏನೂ ಹೇಳಲ್ಲ, ಮನಸ್ಸಿನಲ್ಲಿ ನಗ್ತಾರೆ. ಅಲ್ಲಿ ಒಳಗು ಹೊರಗು ಅನ್ನೋ ಗೆರೆ ಬಹಳ ಗಟ್ಟಿ. ಅತಿಥಿ ಎಷ್ಟೇ ದೊಡ್ಡವನಾಗಲಿ ಗೆಂಕಾನಿನಲ್ಲಿ ಶೂ ಬಿಡಲೇಬೇಕು. ನಮ್ಮಲ್ಲಿ ಹಾಗಿಲ್ಲ, ಒಪ್ಪಿಕೊಳ್ಳೋಣ. ಸಾಹೇಬರು ಬಂದರೆ "ಪರವಾಗಿಲ್ಲ, ಬೂಟು ಇರಲಿ, ಒಳಗೆ ಬನ್ನಿ ಸಾರ್" ಅಂತೀವಿ. ಎಲೆಕ್ಟ್ರಿಷಿಯನ್ ಬಂದರೆ "ಚಪ್ಪಲಿ ಅಲ್ಲೇ ಬಿಡಪ್ಪಾ" ಅಂತೀವಿ. ಕೊಳೆ ಇಬ್ಬರ ಕಾಲಲ್ಲೂ ಒಂದೇ.

ಈ ಸಾಹೇಬರ ಬೂಟು ಒಂದು ದೇಶದ ಚರಿತ್ರೆಯನ್ನೇ ತಿರುಗಿಸಿತು. ಬರ್ಮಾದಲ್ಲಿ, ಅಂದರೆ ಇವತ್ತಿನ ಮ್ಯಾನ್ಮಾರಿನಲ್ಲಿ. ಅಲ್ಲಿಯ ದೊರೆಯನ್ನು ನೋಡಬೇಕಾದರೆ ಯಾರೇ ಆಗಲಿ ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರಬೇಕಿತ್ತು. ಬ್ರಿಟಿಷ್ ರಾಯಭಾರಿಗಳೂ ಗೊಣಗುತ್ತಲೇ ಬೂಟು ಬಿಚ್ಚುತ್ತಿದ್ದರು. 1875ರ ಸುಮಾರಿಗೆ ಕಲ್ಕತ್ತದ ಬ್ರಿಟಿಷ್ ಸರ್ಕಾರ ಇನ್ನು ಮುಂದೆ ನಮ್ಮ ರೆಸಿಡೆಂಟ್, ಅಂದರೆ ಅಲ್ಲಿರುವ ನಮ್ಮ ಪ್ರತಿನಿಧಿ, ಬೂಟು ಬಿಚ್ಚೋದಿಲ್ಲ ಅಂದುಬಿಟ್ಟಿತು. ಮಿಂಡೋನ್ ದೊರೆ ಹಾಗಾದರೆ ಭೇಟಿಯೇ ಬೇಡ ಅಂದ. ಅಲ್ಲಿಂದ ಮುಂದೆ ರಾಜಧಾನಿ ಮಂಡಾಲೆಯಲ್ಲಿದ್ದ ಬ್ರಿಟಿಷ್ ಪ್ರತಿನಿಧಿಗೆ ದೊರೆಯನ್ನು ಎದುರಾಬದುರು ನೋಡಿ ಮಾತಾಡುವ ದಾರಿಯೇ ಮುಚ್ಚಿತು. 1885ರಲ್ಲಿ ಯುದ್ಧವಾಗಿ ಬರ್ಮಾದ ರಾಜ್ಯವೇ ಹೋಯಿತು. ಬೂಟೇ ಕಾರಣ ಅಂತಲ್ಲ, ತೇಗದ ಮರದ ವ್ಯಾಪಾರ, ಫ್ರೆಂಚರ ಭಯ ಎಲ್ಲ ಇತ್ತು. ಆದರೆ ಮಾತುಕತೆ ನಿಂತುಹೋಗಿದ್ದು ಕಾಲಿನ ಬುಡದಲ್ಲಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದ ಮೇಲೆ ಬ್ರಿಟಿಷರು ಪಗೋಡಾಗಳ ಒಳಗೂ ಬೂಟು ಹಾಕಿಕೊಂಡೇ ನಡೆದರು. ಸುಮಾರು 1916ರಿಂದ ಬೌದ್ಧ ಯುವಕರ ಸಂಘದವರು ಇದನ್ನು ದೊಡ್ಡ ಚಳವಳಿ ಮಾಡಿದರು. 1919ರ ಅಕ್ಟೋಬರಿನಲ್ಲಿ ಮಂಡಾಲೆಯ ಐಂಡೋಯಾ ಪಗೋಡಾಕ್ಕೆ ಬೂಟುಗಾಲಲ್ಲಿ ಬಂದ ಯುರೋಪಿಯನ್ನರ ಮೇಲೆ ಭಿಕ್ಷುಗಳು ಮುಗಿಬಿದ್ದರು. ಮುಂದಾಳಾಗಿದ್ದ ಊ ಕೆಟ್ಟಾಯ ಎಂಬ ಭಿಕ್ಷುವಿಗೆ ಜೀವಾವಧಿ ಶಿಕ್ಷೆಯಾಯಿತು. ಕೊನೆಗೆ ಸರ್ಕಾರವೇ ಬಗ್ಗಿ, ಆಯಾ ಪಗೋಡಾದ ಹಿರಿಯರು ಹೇಳಿದ್ದೇ ನಿಯಮ ಅಂದಿತು. ಇವತ್ತು ಮ್ಯಾನ್ಮಾರಿಗೆ ಹೋದರೆ ಶೂ ಮಾತ್ರ ಅಲ್ಲ, ಸಾಕ್ಸನ್ನೂ ಬಿಚ್ಚಿಸುತ್ತಾರೆ. ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಕುಣಿಯುತ್ತಾ ನಡೆಯುವ ಪ್ರವಾಸಿಗರಿಗೆ ಇದರ ಹಿಂದಿನ ಗಲಾಟೆ ಗೊತ್ತಿರಲ್ಲ.

ಬರ್ಮಾದವರ ಸಿಟ್ಟು ನಮಗೆ ಬೇಗ ಅರ್ಥವಾಗುತ್ತೆ. ನಮ್ಮ ಊರಿನ ಬೀದಿಯ ಸಿಟ್ಟು ಅಷ್ಟು ಬೇಗ ಅರ್ಥವಾಗಲ್ಲ. ದಲಿತರು ಮೇಲ್ಜಾತಿಯವರ ಓಣಿ ಬಂದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹೋಗಬೇಕಿದ್ದದ್ದು ಯಾವುದೋ ಪುರಾಣದ ಕಾಲದ ಮಾತಲ್ಲ. ನಮ್ಮ ಅಜ್ಜ ಅಜ್ಜಿಯರು ಕಣ್ಣಾರೆ ಕಂಡದ್ದು, ಕೆಲವು ಕಡೆ ಇನ್ನೂ ಈಚಿನವರೆಗೆ ನಡೆದದ್ದು. ಆ ಚಪ್ಪಲಿ ಹೊಲಿದವರೂ ಅವರೇ ಅನ್ನೋದು ಇದರಲ್ಲಿರುವ ಕ್ರೂರ ತಮಾಷೆ. ದೊರೆಯ ಎದುರು ಪ್ರಜೆ ಬರಿಗಾಲಲ್ಲಿ ನಿಂತ ಹಾಗೆ, ಇಡೀ ಒಂದು ಓಣಿಯ ಎದುರು ಇಡೀ ಒಂದು ಜಾತಿ ಬರಿಗಾಲಲ್ಲಿ ನಡೆಯಬೇಕಿತ್ತು.

ಇಲ್ಲಿಗೆ ಹರಳಯ್ಯನ ಕಥೆ ಬರಲೇಬೇಕು. 12ನೇ ಶತಮಾನದ ಕಲ್ಯಾಣ. ಸಮಗಾರ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ "ಶರಣು" ಅಂದ. ಬಸವಣ್ಣ "ಶರಣು ಶರಣಾರ್ಥಿ" ಅಂದುಬಿಟ್ಟ. ತಾನು ಹೇಳಿದ್ದಕ್ಕಿಂತ ಒಂದು ಶರಣು ಜಾಸ್ತಿ ಬಂತಲ್ಲ, ಈ ಸಾಲ ತೀರಿಸೋದು ಹೇಗೆ ಅಂತ ಹರಳಯ್ಯನಿಗೆ ಸಂಕಟ. ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ನೋಡಿ, ಮತ್ತೆ ಅದೇ ಲೆಕ್ಕ, ಆದರೆ ಇಲ್ಲಿ ತಿರುವುಮುರುವಾಗಿದೆ. ಎಲ್ಲ ಕಡೆ ದೊಡ್ಡವನ ಪಾದುಕೆ ಚಿಕ್ಕವನ ತಲೆಗೆ ಏರುತ್ತದೆ. ಇಲ್ಲಿ ಬಿಜ್ಜಳನ ಮಂತ್ರಿಯೊಬ್ಬ ಚಪ್ಪಲಿ ಹೊಲಿಯುವವನ ಕೈಕೆಲಸವನ್ನು ತನ್ನ ತಲೆಗೆ ಏರಿಸಿಕೊಂಡ. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಮದುವೆ ಮಾಡಿಕೊಟ್ಟಾಗ ಇಬ್ಬರು ಬೀಗರಿಗೂ ಮರಣದಂಡನೆ ಆಯಿತು, ಕಲ್ಯಾಣ ಹೊತ್ತಿಕೊಂಡಿತು. ತೊಡೆಯ ಚರ್ಮದ ಭಾಗವನ್ನು ನೀವು ನಂಬಿ, ಬಿಡಿ. ಕಥೆ ಕಟ್ಟಿದವರಿಗೆ ಚಪ್ಪಲಿಯ ರಾಜಕೀಯ ಚೆನ್ನಾಗಿ ಗೊತ್ತಿತ್ತು.

ಚರ್ಮದ ಕೆಲಸ ಮಾಡುವವರನ್ನು ದೂರ ಇಟ್ಟವರು ನಾವು ಮಾತ್ರ ಅಲ್ಲ. ನಿಮ್ಮ ಮಗಳಿರುವ ಜಪಾನಿನಲ್ಲೂ ಚರ್ಮ ಹದ ಮಾಡುವವರು, ಸತ್ತ ದನದ ಕೆಲಸ ಮಾಡುವವರು ಊರ ಹೊರಗೇ ಇರಬೇಕಿತ್ತು. 1871ರಲ್ಲಿ ಸರ್ಕಾರ ಆ ಭೇದವನ್ನು ಕಾಗದದ ಮೇಲೆ ತೆಗೆಯಿತು. ಮನಸ್ಸಿನಿಂದ ಹೋಗಲಿಲ್ಲ, 1922ರಲ್ಲಿ ಅವರೇ ಕ್ಯೋಟೋದಲ್ಲಿ ಸೇರಿ ಸುಯಿಹೇಶಾ ಅಂತ ಸಂಘಟನೆ ಕಟ್ಟಬೇಕಾಯಿತು. ಮರುವರ್ಷವೇ ಕೊರಿಯಾದ ಜಿಂಜುವಿನಲ್ಲಿ ಕಸಾಯಿ, ಚರ್ಮದ ಕೆಲಸದ ಬೆಕ್‌ಜೊಂಗ್ ಜನ ಇಂಥದೇ ಚಳವಳಿ ಶುರು ಮಾಡಿದರು. ನಮ್ಮ ಹೋರಾಟಗಳ ಜೊತೆ ಇವನ್ನೂ ಇಟ್ಟು ಓದಬೇಕು, ನಾವು ಓದೋದಿಲ್ಲ.

ಮಿಕ್ಕ ದೇಶಗಳದ್ದು ಬೇಗ ಹೇಳಿ ಮುಗಿಸ್ತೀನಿ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ರೂತಳ ಕಥೆ ಬರುತ್ತೆ. ಅಲ್ಲಿ ಜಮೀನಿನ ಹಕ್ಕು ಬಿಟ್ಟುಕೊಡುವವನು ತನ್ನ ಚಪ್ಪಲಿ ಬಿಚ್ಚಿ ಇನ್ನೊಬ್ಬನಿಗೆ ಕೊಡುತ್ತಾನೆ, ಅದೇ ರಿಜಿಸ್ಟ್ರಿ. ಆ ನೆಲ ತುಳಿಯುವ ಹಕ್ಕು ಇನ್ನು ನಿನ್ನದು ಅಂತ ಇಟ್ಟುಕೊಳ್ಳಿ. ಫ್ರಾನ್ಸಿನಲ್ಲಿ 14ನೇ ಲೂಯಿ ಕಾಲಕ್ಕೆ ಕೆಂಪು ಹಿಮ್ಮಡಿಯ ಶೂ ಆಸ್ಥಾನದವರಿಗೆ ಮಾತ್ರ. ಚೀನಾದಲ್ಲಿ ಹೆಣ್ಣುಮಕ್ಕಳ ಪಾದ ಮುರಿದು ಕಟ್ಟಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರೇಷ್ಮೆ ಶೂ ತೊಡಿಸುತ್ತಿದ್ದರು. 1912ರಲ್ಲಿ ಗಣರಾಜ್ಯದ ಸರ್ಕಾರ ನಿಷೇಧಿಸಿದರೂ ಹಳ್ಳಿಗಳಲ್ಲಿ ಎಷ್ಟೋ ವರ್ಷ ನಿಲ್ಲಲಿಲ್ಲ. ಆ ಶೂಗಳ ಮೇಲಿನ ಕಸೂತಿ ನೋಡಿ ಎಷ್ಟು ಚಂದ ಅನ್ನುವವರನ್ನು ಕಂಡರೆ ನನಗೆ ಆಗಲ್ಲ. 2008ರ ಡಿಸೆಂಬರಿನಲ್ಲಿ ಬಾಗ್ದಾದಿನಲ್ಲಿ ಒಬ್ಬ ಪತ್ರಕರ್ತ ಅಮೆರಿಕದ ಅಧ್ಯಕ್ಷ ಬುಷ್ ಮೇಲೆ ಎರಡೂ ಶೂ ಎಸೆದ. ಅಮೆರಿಕದ ಟೀವಿಯವರು ಅರಬರಲ್ಲಿ ಇದಕ್ಕೆ ಏನರ್ಥ ಅಂತ ಪಂಡಿತರನ್ನು ಕೂರಿಸಿ ಕೇಳಿದರು. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಈಗ ಅಥಣಿ ಚಪ್ಪಲಿಗೆ ಬರೋಣ. ನೀವು ಅಥಣಿ ಅಂದಿರಿ, ಅಂಗಡಿಯವರು ಕೊಲ್ಹಾಪುರಿ ಅಂತಾರೆ. ಎರಡೂ ಸರಿ. ಕೊಲ್ಹಾಪುರದ ಶಾಹು ಮಹಾರಾಜರು ಈ ಕಸುಬಿಗೆ ಒತ್ತಾಸೆಯಾಗಿ ನಿಂತರು, ಪೇಟೆಯೂ ಅಲ್ಲೇ ಬೆಳೆಯಿತು, ಹೆಸರು ಪೇಟೆಯದೇ ಉಳಿಯಿತು. ಮಾಡುವ ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ ಕಡೆಯೂ ಬೇಕಾದಷ್ಟು ಇದ್ದವು. 2018ರ ಡಿಸೆಂಬರಿನಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಕೊಟ್ಟಾಗ ಅದನ್ನು ಎರಡೂ ರಾಜ್ಯಕ್ಕೆ ಹಂಚಿದರು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ: ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮ ನಾಲ್ಕು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಂದರೆ ನಿಮ್ಮ ಜಿಲ್ಲೆಯೂ ಪಾಲುದಾರ.

ಒಂದು ಒಳ್ಳೆಯ ಜೊತೆಯನ್ನು ಕೈಗೆ ತಗೊಂಡು ತಿರುಗಿಸಿ ನೋಡಿ. ಮೊಳೆ ಸಿಗೋದಿಲ್ಲ. ಅಟ್ಟೆ ಎಮ್ಮೆಯ ದಪ್ಪ ಚರ್ಮದ್ದು, ಪದರದ ಮೇಲೆ ಪದರ ಇಟ್ಟು ಚರ್ಮದ ಸಣ್ಣ ದಾರದಿಂದಲೇ ಹೊಲಿದಿರುತ್ತಾರೆ. ಹೊಲಿಗೆ ಅಂಚಿನ ಸುತ್ತ ಒಂದೊಂದೇ ಹಲ್ಲಿನಂತೆ ಕಾಣುತ್ತೆ. ಎರಡು ಬದಿಗೆ ಚಾಚಿದ ಕಿವಿ, ಅದಕ್ಕೆ ಸಿಕ್ಕಿಸಿದ ಅಡ್ಡಪಟ್ಟಿ, ಹೆಬ್ಬೆರಳಿಗೆ ಉಂಗುಟ. ಪಟ್ಟಿಯ ಮೇಲಿನ ಜಡೆಯಂಥ ಹೆಣಿಗೆ, ಸಣ್ಣ ತೂತಿನ ಚಿತ್ತಾರ ಎಲ್ಲ ಹೆಚ್ಚಾಗಿ ಹೆಂಗಸರ ಕೈಕೆಲಸ. ಅಟ್ಟೆ ಕೊಯ್ಯೋದು, ಬಡಿಯೋದು ಗಂಡಸರದು. ಚರ್ಮ ಹದ ಮಾಡೋದು ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ. ಹಳೆಯ ಕ್ರಮದಲ್ಲಿ ಇಡೀ ಚರ್ಮವನ್ನೇ ಚೀಲದ ಹಾಗೆ ಹೊಲಿದು, ತೂಗುಹಾಕಿ, ಒಳಗೆ ಆ ರಸ ತುಂಬುತ್ತಿದ್ದರು. ರಸ ಚರ್ಮದ ಮೂಲಕವೇ ಜಿನುಗಿ ಜಿನುಗಿ ಹೊರಬರುವಷ್ಟರಲ್ಲಿ ಚರ್ಮ ಹದವಾಗುತ್ತಿತ್ತು. ಮೂಗಿಗೆ ಹಿಡಿದರೆ ತೊಗಟೆಯ ಒಗರು ವಾಸನೆ ಬರಬೇಕು, ಕೆಮಿಕಲ್ ವಾಸನೆ ಬಂದರೆ ಬಿಟ್ಟು ಬನ್ನಿ. ನಡೆದರೆ ಕಿರ್ ಕಿರ್ ಅನ್ನುವ ಜೋಡೂ ಇದೆ. ಅಟ್ಟೆಯ ಪದರದ ನಡುವೆ ಒಂದು ಬಗೆಯ ಬೀಜ ಇಟ್ಟು ಹೊಲಿದರೆ ಆ ಸದ್ದು. ಗೌಡರು ಬರ್ತಿದ್ದಾರೆ ಅಂತ ಓಣಿಗೆಲ್ಲ ಮೊದಲೇ ತಿಳಿಯೋದು ಅದರಿಂದಲೇ. ದರ್ಜೆ ಕಿವಿಗೂ ಕೇಳಿಸಬೇಕಲ್ಲ!

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಥೇಟ್ ಇದೇ ಚಪ್ಪಲಿಯನ್ನು ಬರೀ ಚರ್ಮದ ಸ್ಯಾಂಡಲ್ ಅಂತ ತೋರಿಸಿದ್ದು, ಇಲ್ಲಿ ಗಲಾಟೆಯಾದ ಮೇಲೆ ಭಾರತದ ಕೈಕಸುಬಿನಿಂದ ಪಡೆದದ್ದು ಅಂತ ಒಪ್ಪಿಕೊಂಡಿದ್ದು ನೀವು ಓದಿರುತ್ತೀರಿ. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಂ, ನಮ್ಮ ಲಿಡ್ಕರ್ ಎರಡೂ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲೇ 2,000 ಜೊತೆ ಮಾಡಿಸಿ ಒಂದೊಂದನ್ನು ಸುಮಾರು 800 ಯೂರೋಗೆ ಮಾರುತ್ತೇವೆ ಅಂದರು. ಹೆಸರು ಹಾಕಿದ್ದು ಒಳ್ಳೆಯದೇ. ಆದರೆ ಪೇಪರಿನಲ್ಲಿ ಎಲ್ಲರೂ ನಮ್ಮ ಪರಂಪರೆ, ನಮ್ಮ ಹೆಮ್ಮೆ ಅಂತ ಬರೆದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಈ ಹೆಮ್ಮೆಯನ್ನು ಹೊಲಿದವರನ್ನು ನಾವು ಎಲ್ಲಿ ಕೂರಿಸಿದ್ದೆವು ಅನ್ನೋದನ್ನೂ ಅದೇ ಉಸಿರಿನಲ್ಲಿ ಹೇಳಬೇಕಿತ್ತು.

ಕೊನೆಗೆ ನಿಮ್ಮ ಉಡುಗೊರೆ. ಮೇಲಧಿಕಾರಿಗೆ ಬೇಡ. ಜಪಾನಿನಲ್ಲಿ ವಯಸ್ಸಿನಲ್ಲಿ, ಹುದ್ದೆಯಲ್ಲಿ ದೊಡ್ಡವರಿಗೆ ಚಪ್ಪಲಿ, ಸಾಕ್ಸು, ಸ್ಲಿಪ್ಪರ್ ಕೊಡೋದನ್ನು ತಪ್ಪಿಸುತ್ತಾರೆ. ಕಾಲಡಿಯ ವಸ್ತು ಕೊಟ್ಟರೆ ನಿಮ್ಮನ್ನು ತುಳಿಯುತ್ತೇನೆ ಅಂದ ಹಾಗಾಗುತ್ತೆ. ಎಷ್ಟೋ ಜನ ಈಗ ಇದನ್ನು ತಲೆಗೆ ಹಚ್ಚಿಕೊಳ್ಳಲ್ಲ, ಆದರೆ ನಿಮ್ಮ ಮಗಳ ಕೆಲಸದ ವಿಷಯ, ಯಾಕೆ ಸುಮ್ನೆ. ಅವರಿಗೆ ಇಳಕಲ್ಲಿನ ಒಂದು ಬಟ್ಟೆಯೋ, ಧಾರವಾಡದಲ್ಲೇ ಸಿಗುವ ಕಸೂತಿ ಕೆಲಸದ್ದೋ ಒಯ್ಯಿರಿ. ಪೇಢೆ ಒಯ್ಯುವುದಾದರೆ ಹಾಲಿನ ತಿಂಡಿಗೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅಡ್ಡಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಅಥಣಿ ಚಪ್ಪಲಿಯನ್ನು ಮಗಳ ಓರಗೆಯ ಗೆಳತಿಯರಿಗೆ ಧಾರಾಳವಾಗಿ ಕೊಡಿ, ತುಂಬಾ ಇಷ್ಟಪಡ್ತಾರೆ, ಬೆರಳಿಗೆ ಸಿಕ್ಕಿಸುವ ಚಪ್ಪಲಿ ಅವರಿಗೆ ಹೊಸದಲ್ಲ. ಪಾದದ ಅಳತೆಯನ್ನು ಸೆಂಟಿಮೀಟರಿನಲ್ಲಿ ತರಿಸಿಕೊಳ್ಳಿ, ಅಲ್ಲಿ ಅದೇ ಲೆಕ್ಕ. ಮೊದಲ ಕೆಲವು ದಿನ ಕಚ್ಚುತ್ತೆ, ಪಟ್ಟಿಯ ಒಳಬದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಅಂತ ಹೇಳಿ. ಜೂನ್ ಜುಲೈನಲ್ಲಿ ಅಲ್ಲಿ ಮಳೆ, ಸೆಕೆ ಎರಡೂ ಜೋರು. ಆಗ ಹಾಕೋದು ಬೇಡ, ಡಬ್ಬಿಯಲ್ಲಿ ಮುಚ್ಚಿಯೂ ಇಡೋದು ಬೇಡ, ಬೂಸ್ಟು ಹಿಡಿಯುತ್ತೆ. ಗಾಳಿ ಆಡುವ ಕಡೆ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಸಾಕು.